ಗುಮಾಸ್ತರ ಮಾತಿನಲ್ಲೇ ಇರಲಿ ಸಾಫ್ಟ್‌ವೇರ್‌ನ ಸಹಾಯ ಪುಟ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿ. ಸೋಮವಾರ ಸಂಜೆ, ರೈತರು ಲೆಕ್ಕಕ್ಕೆ ಕಾಯುತ್ತಿದ್ದಾರೆ. ಗುಮಾಸ್ತರು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸಹಾಯ ವಿಭಾಗದಲ್ಲಿ ‘ಪಟ್ಟಿ’ ಎಂದು ಹುಡುಕಿದರು. ಬಂದದ್ದು ಗ್ರಾಹಕರ ಪಟ್ಟಿ, ಸರಕಿನ ಪಟ್ಟಿ. ಅವರಿಗೆ ಬೇಕಿದ್ದದ್ದು ರೈತರ ಕೈಗೆ ಕೊಡುವ ಪಟ್ಟಿ. ತೂಕ, ದರ, ಖರ್ಚು, ಉಳಿದ ಹಣ ಎಲ್ಲಾ ಬರೆದಿರುವ ಚೀಟಿ. ನಾವು ಅದಕ್ಕೆ ‘ಮಾರಾಟ ವಿವರ ಪತ್ರ’ ಎಂದು ಹೆಸರಿಟ್ಟಿದ್ದೆವು. ಕೊನೆಗೆ ಹುಬ್ಬಳ್ಳಿಯ ನಮ್ಮ ಆಫೀಸಿಗೆ ಫೋನ್ ಬಂತು: “ಸರ, ಪಟ್ಟಿ ಎಲ್ಲೈತ್ರಿ?”

ತಪ್ಪು ನಮ್ಮದೇ. ಆಮೇಲೆ ಸಹಾಯ ಪುಟಗಳನ್ನು ಮೊದಲಿನಿಂದ ಬರೆದೆವು. ನೀವೂ ಹುಬ್ಬಳ್ಳಿ, ಗದಗ, ಹಾವೇರಿಯ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುವವರಾದರೆ ಹೀಗೆ ಶುರು ಮಾಡಿ.

ಒಂದು ತಿಂಗಳು ಬಂದ ಪ್ರತಿ ಫೋನನ್ನೂ ಬರೆದಿಡಿ. ನಿಮ್ಮ ಮಾತಿನಲ್ಲಿ ಅಲ್ಲ, ಕೇಳಿದವರು ಆಡಿದ ಮಾತಿನಲ್ಲೇ. ಜಾಸ್ತಿ ಬಂದ ಇಪ್ಪತ್ತು ಪ್ರಶ್ನೆಗಳೇ ನಿಮ್ಮ ಮೊದಲ ಇಪ್ಪತ್ತು ಪುಟ. ಮೆನುವಿನಲ್ಲಿ ಇರುವುದನ್ನೆಲ್ಲ ಸಾಲಾಗಿ ವಿವರಿಸುತ್ತಾ ಹೋಗಬೇಡಿ. ಅದನ್ನು ಯಾರೂ ಓದುವುದಿಲ್ಲ.

ಒಂದು ಪುಟಕ್ಕೆ ಒಂದೇ ಕೆಲಸ. ‘ರೈತರ ಪಟ್ಟಿ ಪ್ರಿಂಟ್ ಮಾಡುವುದು’ ಎಂಬಂಥ ಶೀರ್ಷಿಕೆ ಕೊಡಿ. ಯಾವ ಪರದೆಗೆ ಹೋಗಬೇಕು ಎಂಬುದು ಮೊದಲ ಸಾಲು. ಆಮೇಲೆ ಹೆಜ್ಜೆಗಳು, ಒಂದೊಂದರಲ್ಲಿ ಒಂದೇ ಕ್ಲಿಕ್. ಬಟನ್ ಹೆಸರು ಪರದೆಯಲ್ಲಿ ಇರುವಂತೆಯೇ ಇರಲಿ. ಕೊನೆಯಲ್ಲಿ ಏನು ಕಾಣಬೇಕು ಅಂತ ಹೇಳಿ. ಪರದೆಯ ಚಿತ್ರಗಳು ಕಡಿಮೆ ಇರಲಿ. ಬಟನ್ ಜಾಗ ಬದಲಾದ ದಿನವೇ ಅವೆಲ್ಲ ಹಳತಾಗುತ್ತವೆ.

ಇನ್ನು ಕನ್ನಡದ ಹುಡುಕಾಟ. ಇಲ್ಲೇ ಜಾಸ್ತಿ ಎಡವುತ್ತೇವೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಇನ್ನೂ ಓಡಾಡುತ್ತಿವೆ. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಅವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ. ‘ಪಾಸ್‌ವರ್ಡ್’ ಪದ ನೋಡಿ. ‘ಸ್’ ಮತ್ತು ‘ವ’ ಒತ್ತಕ್ಷರವಾಗಿ ಕೂಡದಿರಲಿ ಎಂದು ನಡುವೆ ಒಂದು ಕಾಣದ ಚಿಹ್ನೆ ಹಾಕಿರುತ್ತೇವೆ. ಗ್ರಾಹಕರು ‘ಪಾಸ್ವರ್ಡ್’ ಎಂದು ಹೊಡೆದರೆ ಪುಟ ಸಿಗುವುದಿಲ್ಲ! ಹುಡುಕುವ ಪದ, ಪುಟದ ಪದ ಎರಡರಿಂದಲೂ ಆ ಚಿಹ್ನೆ ತೆಗೆದು ಹೋಲಿಸಲು ನಿಮ್ಮ ಎಂಜಿನಿಯರ್‌ಗೆ ಹೇಳಿ. ‘ೊ’ ಕಾರವನ್ನೂ ಎರಡು ರೀತಿಯಲ್ಲಿ ಸಂಕೇತ ಮಾಡಬಹುದು. ಎರಡನ್ನೂ ಒಂದೇ ರೂಪಕ್ಕೆ ತರಬೇಕು.

ಪುಟಗಳನ್ನು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಸಾದಾ ಪಠ್ಯ) ಕಡತಗಳಾಗಿ ಬರೆದು, ಪ್ರೋಗ್ರಾಂನ ಕೋಡ್ ಜೊತೆಗೇ ಗಿಟ್‌ನಲ್ಲಿ, ಅಂದರೆ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನದಲ್ಲಿ, ಇಡಿ. ಅದರಿಂದ ಜಾಲತಾಣ ಕಟ್ಟಲು ಎಂಕೆಡಾಕ್ಸ್, ಡಾಕ್ಯುಸಾರಸ್‌ನಂಥ ಉಚಿತ ಸಾಧನಗಳಿವೆ. ಒಂದು ನಿಯಮ ಮಾತ್ರ ಗಟ್ಟಿ ಹಿಡಿಯಿರಿ: ಬಟನ್ ಬದಲಿಸಿದವರು ಅದರ ಸಹಾಯ ಪುಟವನ್ನೂ ಬದಲಿಸುವ ತನಕ ಆ ಕೆಲಸ ಮುಗಿದಿಲ್ಲ. ಹಳೆಯ ಆವೃತ್ತಿಯನ್ನೇ ಬಳಸುವ ಅಂಗಡಿಗಳು ಇದ್ದೇ ಇರುತ್ತವೆ ಅಲ್ವಾ? ಅವರ ಪುಟಗಳನ್ನು ಬೇರೆಯಾಗಿ ಉಳಿಸಿ.

ಪ್ರತಿ ಪರದೆಯ ಮೂಲೆಯಲ್ಲಿ ‘?’ ಇರಲಿ. ಒತ್ತಿದರೆ ಸಹಾಯದ ಮುಖಪುಟ ಅಲ್ಲ, ಅದೇ ಪರದೆಯ ಪುಟ ತೆರೆಯಬೇಕು. ಈ ಕೊಂಡಿಯನ್ನು ಶೀರ್ಷಿಕೆಗೆ ಕಟ್ಟಬೇಡಿ, ಬದಲಾಗದ ಒಂದು ಗುರುತಿನ ಸಂಖ್ಯೆಗೆ ಕಟ್ಟಿ. ಪುಟದ ವಿಳಾಸ ಬದಲಾದರೆ ಹಳೆಯದರಿಂದ ಹೊಸದಕ್ಕೆ 301 ಮರುನಿರ್ದೇಶನ ಕೊಡಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾನಾಗಿಯೇ ಹೊಸದಕ್ಕೆ ಹೋಗುವಂತೆ ಮಾಡಿ. ನೆಟ್ ಹೋದಾಗ ಬೇಕಾಗುತ್ತದೆ, ಪುಟಗಳ ಒಂದು ಪ್ರತಿಯನ್ನು ಸಾಫ್ಟ್‌ವೇರ್ ಜೊತೆಗೇ ಕಳಿಸಿ.

ವಾರಕ್ಕೊಮ್ಮೆ, ಹುಡುಕಿದರೂ ಏನೂ ಸಿಗದ ಪದಗಳ ದಾಖಲೆ ತೆಗೆದು ನೋಡಿ. ನಮ್ಮ ಮೊದಲ ದಾಖಲೆಯಲ್ಲಿ ‘ಉದ್ರಿ’ ಇತ್ತು, ನಾವು ‘ಸಾಲ ಮಾರಾಟ’ ಎಂದಿದ್ದೆವು. ಇಂಥ ಪದಗಳನ್ನು ಆಯಾ ಪುಟಕ್ಕೆ ಜೋಡಿಸಿ. ಅಪ್‌ಡೇಟ್ ಮಾತ್ರ ಸೋಮವಾರ, ಗುರುವಾರ ಕಳಿಸಬೇಡಿ, ಅಂದು ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ಪ್ರತಿ ಪುಟದ ಕೆಳಗೆ ನಿಮ್ಮ ಫೋನ್ ನಂಬರ್ ಇರಲಿ, ಅದನ್ನು ಎತ್ತುವವರು ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿರಲಿ.