ಇಂಗ್ಲಿಷ್ ಬರೆಯುವಾಗ ಕಿವಿಯನ್ನು ನಂಬಬೇಡಿ

ವ್ಯಾಕರಣ ಪ್ರಿಯರಿಗೆ ಮೈ ಉರಿಸುವ ಇಂಗ್ಲಿಷ್ ತಪ್ಪುಗಳಲ್ಲಿ ಎಷ್ಟೋ ಕಿವಿಯಿಂದ ಬಂದವು. ಕೇಳಿಸಿದ ಹಾಗೇ ಬರೆದುಬಿಡುತ್ತೇವೆ, ಅಷ್ಟೇ.

'ಶುಡ್ ಆಫ್' ನೋಡಿ. ಮಾತಿನ ಭರದಲ್ಲಿ 'ಶುಡ್ ಹ್ಯಾವ್' ಮುದುಡಿ 'ಶುಡವ್' ಆಗುತ್ತದೆ, ಕೇಳಿದವರು ಅದನ್ನು 'ಆಫ್' ಅಂದುಕೊಂಡು ಬರೆಯುತ್ತಾರೆ. ಅನುಮಾನ ಬಂದರೆ ವಾಕ್ಯವನ್ನು ಪ್ರಶ್ನೆ ಮಾಡಿ. 'ಶುಡ್ ಐ ಹ್ಯಾವ್ ಗಾನ್?' ಸರಿಯಾಗಿ ಕೂರುತ್ತದೆ. 'ಶುಡ್ ಐ ಆಫ್ ಗಾನ್?' ಅಂದ ಕೂಡಲೇ ನಿಮಗೇ ನಗು ಬರುತ್ತದೆ. ಕುಡ್, ವುಡ್‌ಗೂ ಇದೇ ಮದ್ದು.

ನಾನೇನು ಕಮ್ಮಿ ಇಲ್ಲ. 'ಫಾರ್ ಆಲ್ ಇಂಟೆನ್ಸಿವ್ ಪರ್ಪಸಸ್' ಅಂತ ಬಹಳ ಗತ್ತಿನಿಂದ ಒಂದು ವರದಿಯಲ್ಲಿ ಬರೆದು, ಅದು ಹತ್ತು ಜನಕ್ಕೆ ಹೋದ ಮೇಲೆ ಗೊತ್ತಾಗಿದ್ದು, ಅದು 'ಇಂಟೆಂಟ್ಸ್ ಅಂಡ್ ಪರ್ಪಸಸ್' ಅಂತ! ಅಂದರೆ 'ಯಾವ ರೀತಿ ನೋಡಿದರೂ' ಅಂತ ಅರ್ಥ. 16ನೇ ಶತಮಾನದ ಇಂಗ್ಲಿಷ್ ಕಾನೂನಿನ ಭಾಷೆಯಿಂದ ಬಂದ ಮಾತಂತೆ. ಇಂಥ ತಪ್ಪುಗಳಿಗೆ ಭಾಷಾವಿಜ್ಞಾನಿಗಳು 2003ರಲ್ಲಿ 'ಎಗ್‌ಕಾರ್ನ್' ಅಂತ ಹೆಸರಿಟ್ಟರು. ಯಾರೋ 'ಏಕಾರ್ನ್' ಎಂಬ ಓಕ್ ಬೀಜದ ಹೆಸರನ್ನು ಹಾಗೆ ಬರೆಯುತ್ತಿದ್ದರು, ಅದೇ ಹೆಸರಾಯಿತು. ಹಾಗಾಗಿ ಕೇಳಿ ಕಲಿತ ನುಡಿಗಟ್ಟನ್ನು ಬರೆಯುವ ಮೊದಲು ಒಂದೊಂದೇ ಪದ ಬಿಡಿಸಿ, ಇದಕ್ಕೆ ಇಲ್ಲೇನು ಕೆಲಸ ಅಂತ ಕೇಳಿಕೊಳ್ಳಿ. 'ಇಂಟೆನ್ಸಿವ್' ಅಲ್ಲೇ ಸಿಕ್ಕಿಬೀಳುತ್ತದೆ.

ನನಗೆ ಒಂಚೂರೂ ಚಿಂತೆ ಇಲ್ಲ ಅನ್ನಲು ಹೇಳುವ 'ಐ ಕುಡ್ ಕೇರ್ ಲೆಸ್' ಕೂಡ ಹೀಗೆ ಬಿಡಿಸಿದರೆ ಉಲ್ಟಾ ಆಗುತ್ತದೆ: ಇನ್ನೂ ಕಮ್ಮಿ ಮಾಡಬಹುದು ಅಂದರೆ ಸ್ವಲ್ಪ ಚಿಂತೆ ಉಳಿದಿದೆ ಅಂತ ಆಯಿತಲ್ವಾ? 'ಐ ಕುಡಂಟ್ ಕೇರ್ ಲೆಸ್' ಅಂತ ಬರೆಯಿರಿ. ಅಮೆರಿಕದಲ್ಲಿ ಎಷ್ಟೋ ಜನ ಮೊದಲಿನದನ್ನೇ ಹೇಳುತ್ತಾರೆ, ಅದು ಬೇರೆ ವಿಷಯ.

'ಬಿಟ್ವೀನ್ ಯು ಅಂಡ್ ಐ' ಮಾತ್ರ ಕಿವಿಯ ತಪ್ಪಲ್ಲ, ಅತಿ ಎಚ್ಚರದ ತಪ್ಪು. 'ಮೀ' ಅಂದರೆ ಒರಟು ಅಂತ ಯಾರೋ ಹೆದರಿಸಿರುತ್ತಾರೆ. ಇಬ್ಬರನ್ನೂ ಸೇರಿಸಿ ಹೇಳಿ ನೋಡಿ. 'ಬಿಟ್ವೀನ್ ವಿ' ಅಂತೀರಾ? ಇಲ್ಲ, 'ಬಿಟ್ವೀನ್ ಅಸ್'. ಹಾಗಾದರೆ 'ಮೀ' ಸರಿ.

ಇನ್ನು 'ಡಿಸ್ಕಸ್ ಅಬೌಟ್'. ಕನ್ನಡದಲ್ಲಿ 'ಅದರ ಬಗ್ಗೆ ಚರ್ಚಿಸೋಣ' ಅಂತೀವಿ, ಆ 'ಬಗ್ಗೆ' ಸುಮ್ನೆ ಇಂಗ್ಲಿಷಿಗೂ ಬೆನ್ನು ಹತ್ತಿ ಬರುತ್ತದೆ. ಅಲ್ಲಿ 'ಡಿಸ್ಕಸ್' ಒಂದೇ ಸಾಕು. 'ರಿಪ್ಲೈ ಬ್ಯಾಕ್'ನ 'ಬ್ಯಾಕ್' ಕೂಡ ಜಾಸ್ತಿ. 'ಇರ್‌ರಿಗಾರ್ಡ್‌ಲೆಸ್' ಅನ್ನುವುದರಲ್ಲಿ 'ಇರ್' ತೆಗೆಯಿರಿ, 'ಇಲ್ಲ' ಎನ್ನುವ ಕೆಲಸವನ್ನು 'ಲೆಸ್' ಆಗಲೇ ಮಾಡಿದೆ.

ಕೊನೆಗೆ 'ಲಿಟರಲಿ', ಅಂದರೆ ಅಕ್ಷರಶಃ. 'ನನ್ನ ತಲೆ ಲಿಟರಲಿ ಸಿಡಿಯಿತು' ಅಂತ ಬರೆದರೆ ಕೆಲವರು ಆಂಬುಲೆನ್ಸ್ ಕರೆಯಲಾ ಅಂತ ಕೇಳುತ್ತಾರೆ. ಒತ್ತು ಕೊಡುವ ಈ ಬಳಕೆಯನ್ನು ಮೆರಿಯಂ-ವೆಬ್‌ಸ್ಟರ್ ನಿಘಂಟು 1909ರಲ್ಲೇ ದಾಖಲಿಸಿದೆ, ಹಾಗಾಗಿ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಕೆಲಸದ ಅರ್ಜಿಯಲ್ಲಿ ಮಾತ್ರ ಹಾಕಬೇಡಿ. ಓದುವವರು ಯಾವ ಪಾರ್ಟಿಯವರೋ ಏನೋ.