ಎರಡು ಬಟ್ಟಲು, ಒಂದು ಬೆರಳು, ನಮ್ಮ ಬೀದಿಯ ನಾಯಿಗಳು

ನಾಯಿಯ ಬುದ್ಧಿ ಹೇಗೆ ಓಡುತ್ತದೆ ಅಂತ ನೋಡಲು ಪ್ರಯೋಗಾಲಯ ಬೇಕಿಲ್ಲ. ಒಂದೇ ಥರದ ಎರಡು ಪ್ಲಾಸ್ಟಿಕ್ ಬಟ್ಟಲು, ಮುಚ್ಚಲು ರಟ್ಟು, ಒಂದಿಷ್ಟು ಕೋಳಿ ಮಾಂಸ, ಗಾಡಿಗಳ ಗದ್ದಲ ಶುರುವಾಗುವ ಮೊದಲಿನ ಬೀದಿ, ಇಷ್ಟಿದ್ದರೆ ಆಯಿತು. ನಾನು ಮಾಡಿದ್ದು ಇದನ್ನೇ, ಮೈಸೂರಿನ ನಮ್ಮ ಬಡಾವಣೆಯಲ್ಲಿ. ಒಂದು ಬಟ್ಟಲಲ್ಲಿ ಮಾಂಸ, ಇನ್ನೊಂದು ಖಾಲಿ. ಮಧ್ಯೆ ನಿಂತು ಒಂದರ ಕಡೆ ಬೆರಳು ತೋರಿಸಿ ಕೈ ಇಳಿಸಬೇಕು. ನಾಯಿ ಎತ್ತ ಹೋಗುತ್ತದೆ? ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ಬುಡಾಪೆಸ್ಟಿನ ಆಡಂ ಮಿಕ್ಲೋಶಿ ಬಳಗ ಮತ್ತು ಅಮೆರಿಕದ ಬ್ರಯಾನ್ ಹೇರ್ ಬಳಗ 1998ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದ ಅಧ್ಯಯನಗಳಿಂದ ಹೆಸರಾದ ಪರೀಕ್ಷೆ ಇದು.

ತಲೆನೋವು ಇರುವುದು ಮೂಗಿನದ್ದು. ನಾಯಿ ನನ್ನ ಬೆರಳು ನೋಡಿ ಬಂತೋ, ವಾಸನೆ ಹಿಡಿದು ಬಂತೋ? ಅದಕ್ಕೇ ಎರಡೂ ಬಟ್ಟಲಿಗೆ ಮಾಂಸ ಉಜ್ಜುತ್ತೇನೆ. ಮಾಂಸ ಇಡುವವನು ಪಕ್ಕದ ಮನೆಯ ಹುಡುಗ. ಯಾವುದರಲ್ಲಿದೆ ಅಂತ ನನಗೆ ಹೇಳದೆ ಕಾಂಪೌಂಡಿನ ಹಿಂದೆ ಹೋಗುತ್ತಾನೆ. ನಾನು ನಾಣ್ಯ ಚಿಮ್ಮಿ ಎಡಕ್ಕೋ ಬಲಕ್ಕೋ ಬೆರಳು ತೋರಿಸುತ್ತೇನೆ. ಬರ್ಲಿನ್ನಿನ ಹ್ಯಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಅಂತ ಜನ ನಂಬಿದ್ದರು. ಅದು ನೋಡುತ್ತಿದ್ದದ್ದು ಪ್ರಶ್ನೆ ಕೇಳಿದವರ ತಲೆಯ ಅಲುಗಾಟವನ್ನು ಅಂತ ಮನೋವಿಜ್ಞಾನಿ ಆಸ್ಕರ್ ಫಂಗ್ಸ್ಟ್ 1907ರಲ್ಲಿ ತೋರಿಸಿದ. ಉತ್ತರ ನನಗೇ ಗೊತ್ತಿಲ್ಲದಿದ್ದರೆ ನನ್ನ ಮುಖವೂ ಅದನ್ನು ಬಿಟ್ಟುಕೊಡುವುದಿಲ್ಲ. ಇದನ್ನೆಲ್ಲ ನೋಡಿ ಎದುರುಮನೆಯವರು, “ಏನ್ ಸಾರ್, ನಾಯಿಗೂ ಎಸ್ಸೆಸ್ಸೆಲ್ಸಿ ಪರೀಕ್ಷೆನಾ?” ಅಂದರು. ನಮ್ಮ ಕರಿಯ ಅದರಲ್ಲಿ ಪಾಸಾಗುವುದಿಲ್ಲ ಬಿಡಿ: ಬೆರಳು ಎತ್ತ ಇದ್ದರೂ ಅವನು ಹೋಗುವುದು ಚರಂಡಿ ಪಕ್ಕದ ಬಟ್ಟಲಿಗೇ. ಅದು ಬುದ್ಧಿಯೂ ಅಲ್ಲ, ದಡ್ಡತನವೂ ಅಲ್ಲ. ಅವನು ದಿನಾ ಓಡಾಡುವ ದಾರಿ. ಇಂಥ ಚಾಳಿ ಕಣ್ಣಿಗೆ ಬೀಳಬೇಕಾದರೆ ನಾಣ್ಯ ಬೇಕೇ ಬೇಕು.

ಕೆಂಚಿಯದು ಬೇರೆ ಕಥೆ. ಬೆರಳು ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ, ಹೊರಡುತ್ತಾಳೆ. ಆದರೆ ನಾನು ತೋರಿಸಿದ್ದು ಖಾಲಿ ಬಟ್ಟಲು ಅಂತಾದರೆ ಮುಂದಿನ ಸಲ ಕೂತಲ್ಲೇ ಕೂರುತ್ತಾಳೆ. ತೋರಿಸಿದವನನ್ನು ನಂಬಬಹುದೇ ಅನ್ನುವ ಲೆಕ್ಕ ವಯಸ್ಕ ಬೀದಿನಾಯಿಗಳಲ್ಲಿ ಇದೆ ಅಂತ ಕೋಲ್ಕತ್ತಾದ ವಿಜ್ಞಾನ ಶಿಕ್ಷಣ–ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ (IISER) ಅನಿಂದಿತಾ ಭದ್ರ ಅವರ ತಂಡವೂ ಕಂಡುಕೊಂಡಿದೆ. ಅದೇ ತಂಡದ 2020ರ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ನಾಯಿಗಳು ಬಟ್ಟಲ ಹತ್ತಿರವೇ ಸುಳಿಯಲಿಲ್ಲ. ಬಂದವುಗಳಲ್ಲಿ ಸುಮಾರು 80% ದೂರದಿಂದ ತೋರಿಸಿದ ಬೆರಳನ್ನೇ ಅನುಸರಿಸಿದವು. ಯಾರೂ ತರಬೇತಿ ಕೊಡದ ನಾಯಿಗಳು ಅವು!

ನನಗೆ ಹೆಚ್ಚು ಕಾಡುವುದು ಆ ಬಾರದ ಅರ್ಧ. ಕಲ್ಲೇಟು ತಿಂದ ನಾಯಿಗೆ ಎತ್ತಿದ ಕೈ ಅಂದರೆ ಮಾಂಸದ ಗುರುತಲ್ಲ. ಅದನ್ನು ‘ಫೇಲ್’ ಅಂತ ಬರೆದುಕೊಂಡರೆ ನಾವು ಅಳೆದದ್ದು ಬುದ್ಧಿಯನ್ನಲ್ಲ, ಭಯವನ್ನು. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ‘ಬಂತು / ಬರಲಿಲ್ಲ’ ಅನ್ನುವ ಕಾಲಂ ಮೊದಲು, ಎಡ–ಬಲ ಆಮೇಲೆ. ಒಂದೇ ನಾಯಿಯನ್ನು ದಿನಾ ಗೋಳಾಡಿಸುವುದಿಲ್ಲ, ಮರಿ ಹಾಕಿದ ತಾಯಿಯ ತಂಟೆಗೆ ಹೋಗುವುದಿಲ್ಲ. ಕೊನೆಗೆ ಉಳಿದ ಮಾಂಸ ಎಲ್ಲರಿಗೂ, ಕರಿಯನಿಗೂ.