ಫೈರ್ ಟ್ರಕ್ಕಿಗೆ ರೀಕಾಲ್ ಇದೆಯಾ? ಪತ್ರ ಬರಲಿ ಅಂತ ಕಾಯಬೇಡಿ

ನಾನು ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ ವಾಲಂಟಿಯರ್ ಫೈರ್‌ಫೈಟರ್. ಹಗಲು ಆಫೀಸು, ರಾತ್ರಿ ಪೇಜರ್. ಅಮೆರಿಕದಲ್ಲಿ ನಿಮ್ಮೂರಿನ ಸ್ಟೇಷನ್ನಿಗೆ ನೀವೂ ಸೇರಿ, ಗಾಡಿಗಳ ಉಸ್ತುವಾರಿ ನಿಮ್ಮ ಪಾಲಿಗೆ ಬಂದಿದ್ದರೆ ಇದನ್ನು ಓದಿ.

ನಮ್ಮ ಎರಡನೇ ಎಂಜಿನ್ನನ್ನು, ಅಂದರೆ ಪಂಪ್ ಇರುವ ಫೈರ್ ಟ್ರಕ್ಕನ್ನು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆವು. ಅದರ ಸ್ಟೀರಿಂಗ್ ಭಾಗಕ್ಕೆ ರೀಕಾಲ್ ಆಗಿತ್ತು, ಅಂದರೆ ದೋಷ ಇದೆ, ಸರಿ ಮಾಡಿಸಿಕೊಳ್ಳಿ ಅಂತ ತಯಾರಕರೇ ತಿಳಿಸಿದ್ದರು. ಪತ್ರ ಹೋಗಿದ್ದು ಹಳೇ ಮಾಲೀಕರ ವಿಳಾಸಕ್ಕೆ. ಐದು ತಿಂಗಳು ಅದೇ ಗಾಡಿಯಲ್ಲಿ ಸೈರನ್ ಹಾಕಿಕೊಂಡು ಓಡಾಡಿದ್ದೆವು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಮೊದಲು ವಿನ್ ನಂಬರ್, ಅಂದರೆ ಪ್ರತಿ ಗಾಡಿಗೂ ಇರುವ ಅದರದೇ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಕಾಗದಪತ್ರ ನೋಡಿ ಅಲ್ಲ, ಗಾಡಿಯ ಪ್ಲೇಟ್ ನೋಡಿಯೇ. ಒಟ್ಟು 17 ಅಕ್ಷರ ಮತ್ತು ಅಂಕಿಗಳು. ಐ, ಓ, ಕ್ಯೂ ಅದರಲ್ಲಿ ಬರುವುದೇ ಇಲ್ಲ. ಹಾಗೆ ಕಂಡರೆ ಅದು 1 ಅಥವಾ 0 ಇರುತ್ತದೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸಾಲದು. ಎಷ್ಟೋ ಫೈರ್ ಟ್ರಕ್ಕುಗಳ ಚಾಸಿ (ಕೆಳಗಿನ ಚೌಕಟ್ಟು) ಒಂದು ಕಂಪನಿಯದು, ಬಾಡಿ ಇನ್ನೊಂದರದು, ಪಂಪು ಮತ್ತೊಂದರದು. ರೀಕಾಲ್ ಇವರಲ್ಲಿ ಯಾರ ಹೆಸರಿನಲ್ಲಿ ಬೇಕಾದರೂ ಬರಬಹುದು. ಹಾಗಾಗಿ ಟಾರ್ಚ್ ಹಿಡಿದು ಪ್ರತಿಯೊಂದರ ಪ್ಲೇಟಿನ ಫೋಟೊ ತೆಗೆದುಕೊಳ್ಳಿ. ಟೈರು, ಏಣಿ ಯಾವುದನ್ನೂ ಬಿಡಬೇಡಿ.

ಆಮೇಲೆ ಅಮೆರಿಕದ ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ವಿನ್ ಹಾಕಿ ನೋಡಿ. ಏನೂ ಬರಲಿಲ್ಲ ಅಂತ ಸಮಾಧಾನ ಪಡಬೇಡಿ. ವಿನ್ ಮಾಹಿತಿ ಕೊಡಲೇಬೇಕು ಎಂಬ 2014ರ ನಿಯಮ ಇರುವುದು ಕಾರು, ಬೈಕಿನ ದೊಡ್ಡ ತಯಾರಕರಿಗೆ. ಫೈರ್ ಟ್ರಕ್ ಕಟ್ಟುವವರು ಎಷ್ಟೋ ಸಲ ಅದರಲ್ಲಿ ಬರುವುದಿಲ್ಲ. ಅದಕ್ಕೇ ಚಾಸಿ, ಬಾಡಿ ಕಂಪನಿಗಳ ಹೆಸರು ಮತ್ತು ಮಾಡೆಲ್ ವರ್ಷ ಹಾಕಿ ಬೇರೆ ಬೇರೆ ಹುಡುಕಿ. ರೀಕಾಲ್ ನಂಬರಿನ ಮೊದಲೆರಡು ಅಂಕಿ ವರ್ಷದ್ದು. ನಂತರ ವಿ ಇದ್ದರೆ ಗಾಡಿ, ಇ ಇದ್ದರೆ ಬಿಡಿಭಾಗ, ಟಿ ಇದ್ದರೆ ಟೈರು. ಅನುಮಾನ ಉಳಿದರೆ ತಯಾರಕರ ಸರ್ವಿಸ್ ವಿಭಾಗಕ್ಕೆ ಫೋನ್ ಮಾಡಿ, ವಿನ್ ಓದಿ ಹೇಳಿ. ಅದೇ ಕರೆಯಲ್ಲಿ ನಿಮ್ಮ ಸ್ಟೇಷನ್ನಿನ ವಿಳಾಸವನ್ನೂ ಬರೆಸಿಬಿಡಿ.

ರೀಕಾಲ್ ಇದೆ ಅಂತಾಯಿತು. ಈಗ ಗಾಡಿ ಓಡಿಸಬೇಕಾ, ಬೇಡವಾ? ಪತ್ರದಲ್ಲಿ ಓಡಿಸಬೇಡಿ ಅಂತಿದ್ದರೆ ಮಾತೇ ಇಲ್ಲ. ಇಲ್ಲದಿದ್ದರೂ ಬ್ರೇಕು, ಸ್ಟೀರಿಂಗಿನ ವಿಷಯವಾದರೆ ನಿಲ್ಲಿಸಿ ಅಂತಲೇ ನಾನು ಹೇಳುವುದು. ಸ್ಟೀರಿಂಗಿಗೆ ಕೆಂಪು ಟ್ಯಾಗ್ ಕಟ್ಟಿ. ಡಿಸ್ಪ್ಯಾಚಿಗೆ, ಅಂದರೆ ಕರೆ ಬಂದಾಗ ಗಾಡಿ ಕಳಿಸುವವರಿಗೆ, ತಿಳಿಸಿ. ಪಕ್ಕದೂರಿನ ಸ್ಟೇಷನ್ನಿನಿಂದ ಗಾಡಿ ಕೇಳಿ. ಇರುವುದೇ ಎರಡು ಎಂಜಿನ್ ಅಂದಾಗ ಚೀಫ್‌ಗೆ ಇದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕು. ಹಿಂದೆ ಕೂತವರು ನಮ್ಮನ್ನು ನಂಬಿ ಕೂತಿರುತ್ತಾರೆ, ಅಲ್ವಾ?

ರಿಪೇರಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಆದರೆ ಗಾಡಿ ಮೊದಲು ಮಾರಾಟವಾಗಿ 15 ವರ್ಷ ದಾಟಿದ ಮೇಲೆ ರೀಕಾಲ್ ಬಂದರೆ ಉಚಿತವಾಗಿ ಮಾಡಿಕೊಡುವ ಕಡ್ಡಾಯ ಇಲ್ಲ. ಹಳೇ ರಿಸರ್ವ್ ಗಾಡಿ ಇಟ್ಟುಕೊಂಡವರು ಬಜೆಟ್ಟಿನಲ್ಲಿ ಇದಕ್ಕೆ ಜಾಗ ಇಡಿ. ಕೆಲಸ ಮುಗಿದ ಮೇಲೆ ರೀಕಾಲ್ ನಂಬರ್ ಬರೆದಿರುವ ರಸೀದಿ ಕೇಳಿ ಪಡೆದು ಗಾಡಿಯ ಫೈಲಿಗೆ ಸೇರಿಸಿ.

ರೀಕಾಲ್ ಇಲ್ಲ, ಆದರೆ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತಿದೆಯಾ? ಸುಮ್ನೆ ರಿಪೇರಿ ಮಾಡಿಸಿ ಮರೆಯಬೇಡಿ. ಎನ್‌ಎಚ್‌ಟಿಎಸ್‌ಎಗೆ 888-327-4236 ನಂಬರಿಗೆ ಫೋನ್ ಮಾಡಿ ದೂರು ಕೊಡಿ. ಅದೇ ಮಾಡೆಲ್ ಇನ್ನೊಂದು ಊರಿನ ಸ್ಟೇಷನ್ನಿನಲ್ಲೂ ನಿಂತಿರುತ್ತದೆ.